ಎಲ್ಲಿ ನೋವು? ಒಂದೇ ಬೆರಳಿನಿಂದ ತೋರಿಸಿ

ಪುಣೆಯಿಂದ ಧಾರವಾಡಕ್ಕೆ ನಾನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ದೀಪಾವಳಿ, ಯುಗಾದಿ ಎಂದು ವರ್ಷಕ್ಕೆ ಮೂರು ಸಲವಾದರೂ ಈ ದಾರಿಯಲ್ಲಿ ಕಾರು ಓಡಿಸುತ್ತೇನೆ. ಕಳೆದ ದೀಪಾವಳಿಗೆ ಹೊರಟಾಗ ಸಾತಾರಾ ದಾಟುವ ಮೊದಲೇ ಬಲಗಡೆ, ಕೂತ ಜಾಗದ ಒಳಗೆಲ್ಲೋ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತಾಯಿತು. ಕೊಲ್ಹಾಪುರ ಬರುವಷ್ಟರಲ್ಲಿ ಅದು ತೊಡೆಯ ಹಿಂಭಾಗಕ್ಕೆ ಇಳಿದು ಕಾಲು ಜುಮುಜುಮು ಎನ್ನತೊಡಗಿತು. ನಿಪ್ಪಾಣಿಯಲ್ಲಿ ಕಾರು ನಿಲ್ಲಿಸಿ ಹೆಂಡತಿಗೆ ಕೀಲಿ ಕೊಟ್ಟೆ. ಮುಂದಿನ ದಾರಿಯನ್ನು ಹಿಂದಿನ ಸೀಟಿನಲ್ಲಿ ಅಡ್ಡಾಗಿ ಮುಗಿಸಿದೆ.

ಮೂವತ್ತೆಂಟು ವರ್ಷಕ್ಕೆ ಇದೇನು ಗ್ರಹಚಾರ ಎಂದುಕೊಂಡೆ. ಹಬ್ಬ ಮುಗಿಸಿ ಬಂದ ಮೇಲೂ ನೋವು ಹೋಗಲಿಲ್ಲ. ನಡೆದಾಡುವಾಗ ಅಷ್ಟಾಗಿ ಇರುತ್ತಿರಲಿಲ್ಲ, ಕೂತರೆ ಹತ್ತೇ ನಿಮಿಷಕ್ಕೆ ಶುರು. ಕೂತು ಮಾಡುವುದನ್ನು ಬಿಟ್ಟರೆ ನಮಗೆ ಬೇರೆ ಕೆಲಸ ಎಲ್ಲಿದೆ ಹೇಳಿ? ಮೀಟಿಂಗಿನಲ್ಲಿ ಗೋಡೆಗೆ ಒರಗಿ ನಿಲ್ಲತೊಡಗಿದೆ. ಊಟವನ್ನೂ ಅಡುಗೆಮನೆ ಕಟ್ಟೆಯ ಪಕ್ಕ ನಿಂತೇ ಮಾಡತೊಡಗಿದೆ.

ನಾನು ಹೇಳಿದ ಸುಳ್ಳು

ಡಾಕ್ಟರ ಬಳಿ ಹೋದೆ. ಎಲ್ಲಿ ನೋವು ಎಂದು ಅವರು ಹಿಂದಿಯಲ್ಲಿ ಕೇಳಿದರು. ಪಕ್ಕದಲ್ಲಿ ನರ್ಸ್ ನಿಂತಿದ್ದರು, ಬಾಗಿಲಾಚೆ ಇನ್ನೂ ನಾಲ್ಕು ಜನ. ಕೂರುವ ಜಾಗಕ್ಕೆ ಹಿಂದಿಯಲ್ಲಿ, ಮರಾಠಿಯಲ್ಲಿ ನನಗೆ ಗೊತ್ತಿದ್ದುದೆಲ್ಲ ಬೈಗುಳದ ಮಾತುಗಳೇ. ಅದಕ್ಕೆ 'ಕಮರ್' ಎಂದುಬಿಟ್ಟೆ. ಸೊಂಟ ಮಾನವಂತರ ಶಬ್ದವಲ್ಲವೇ!

ಸೊಂಟ ಎಂದ ಮೇಲೆ ಸೊಂಟದ ಎಂಆರ್‌ಐ ಆಯಿತು. ನಾಲ್ಕು ಮತ್ತು ಐದನೆಯ ಕಟಿ ಕಶೇರುಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ವರದಿ ಬಂತು. ಬೆಲ್ಟ್ ಕಟ್ಟಿಕೊಳ್ಳಿ, ಬಗ್ಗಬೇಡಿ, ಭಾರ ಎತ್ತಬೇಡಿ ಎಂದರು, ಮಾತ್ರೆಗಳನ್ನೂ ಕೊಟ್ಟರು. ಮೂರು ತಿಂಗಳು ಹಾಗೇ ಇದ್ದೆ. ಆರು ವರ್ಷದ ಮಗಳನ್ನು ಎತ್ತಿಕೊಳ್ಳಲಿಲ್ಲ. ಕಡಿಮೆಯಾಗದಿದ್ದರೆ ಆಪರೇಷನ್ ಯೋಚಿಸೋಣ ಎಂದು ಅವರು ಅಂದ ದಿನ ರಾತ್ರಿ ಇಡೀ ಇಂಟರ್ನೆಟ್ ಜಾಲಾಡಿ, ಗೃಹಸಾಲದ ಇನ್ನುಳಿದ ಕಂತುಗಳನ್ನು ಎಣಿಸುತ್ತ ಮಲಗಿದೆ.

ಆ ವೈದ್ಯರನ್ನು ದೂರಲಾರೆ. ತಪ್ಪು ಇನ್‌ಪುಟ್ ಕೊಟ್ಟವನು ನಾನು. ಆದರೆ ನಮ್ಮ ವೃತ್ತಿಯವರಿಗೆ ಮೊದಲೇ ಹೊಳೆಯಬೇಕಾಗಿದ್ದ ಒಂದು ಸಂಗತಿ ಇಲ್ಲಿದೆ. ಲಾಗ್ ಫೈಲ್ ತೆರೆದರೆ ಹತ್ತಾರು ವಾರ್ನಿಂಗ್‌ಗಳು ಕಾಣುತ್ತವೆ. ಸಿಸ್ಟಂ ಬಿದ್ದದ್ದಕ್ಕೆ ಅವೆಲ್ಲ ಕಾರಣವಲ್ಲ. ಎಂಆರ್‌ಐ ಕೂಡ ಹಾಗೇ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಲವತ್ತರ ವಯಸ್ಸಿನಲ್ಲಿ ಸುಮಾರು ಅರ್ಧದಷ್ಟು ಜನರ ಡಿಸ್ಕ್ ಉಬ್ಬಿರುತ್ತದೆ, ಅದೂ ಯಾವ ತೊಂದರೆಯೂ ಇಲ್ಲದವರಲ್ಲಿ. ತಲೆಗೂದಲು ನೆರೆತ ಹಾಗೆ. ಹಾಗೆಂದು ಡಿಸ್ಕಿನಿಂದ ನೋವೇ ಬರುವುದಿಲ್ಲ ಎಂದಲ್ಲ. ಚಿತ್ರದಲ್ಲಿ ಕಂಡದ್ದು ರೋಗಿಯ ಲಕ್ಷಣಕ್ಕೆ, ಕೈಯಿಂದ ಮಾಡಿದ ಪರೀಕ್ಷೆಗೆ ಹೊಂದಬೇಕು, ಅಷ್ಟೆ.

ಅವ್ವ ಹಿಡಿದ ತಪ್ಪು

ಜನವರಿಯ ಕೊನೆಗೆ ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ರೈಲಿನಲ್ಲಿ ರಾತ್ರಿಯಿಡೀ ಮಲಗಿಕೊಂಡೇ ಧಾರವಾಡಕ್ಕೆ ಹೋದೆ. ಆಸ್ಪತ್ರೆಯ ಪಡಸಾಲೆಯಲ್ಲಿ ಮೂರು ತಾಸು ನಿಂತೇ ಇದ್ದೆ. ಮನೆಗೆ ಬಂದ ಮೇಲೂ ನಿಂತೇ ಇದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ ಅವ್ವನಿಗೆ ಅಷ್ಟರಲ್ಲೇ ಎಲ್ಲ ಕಂಡಿತ್ತು.

"ಯಾಕಪಾ, ಬಂದಾಗಿಂದ ನಿಂತ ಅದಿಯಲ್ಲ, ಕುಂದ್ರಬಾರದೇನು?"

"ಸೊಂಟ ನೂಸಾಕತ್ತೈತಿ ಅವ್ವಾ. ಡಿಸ್ಕ್ ಅಂದಾರ."

"ಎಲ್ಲಿ, ತೋರ್ಸು ನೋಡೂಣು."

ತೋರಿಸಿದೆ.

"ಅಲ್ಲೋ ತಮ್ಮಾ, ಅದು ಸೊಂಟ ಎಲ್ಲೈತಿ? ಅದು ಕುಂಡಿ! ಡಾಕ್ಟರಗ ಹಂಗ ಹೇಳಿಯೇನು?"

ಹೇಳಲು ನಾಚಿಕೆಯಾಯಿತು ಎಂದೆ. "ಕಾಲ್ ಹೋಗೂತನಕಾ ನಾಚಿಕೊಂಡ ನಿಂದ್ರು ಹಂಗಾರ," ಎಂದಳು.

ಪುಣೆಗೆ ಮರಳಿ ಇನ್ನೊಬ್ಬ ಮೂಳೆ ತಜ್ಞರ ಬಳಿ ಹೋದೆ. ಈ ಸಲ ಮಾತೇ ಆಡಲಿಲ್ಲ. ತಿರುಗಿ ನಿಂತು, ಬಲ ಪೃಷ್ಠದ ನಟ್ಟನಡುವೆ ಬೆರಳಿಟ್ಟು ತೋರಿಸಿದೆ. ಅವರು ಫೈಲನ್ನು ಪಕ್ಕಕ್ಕಿಟ್ಟು, ಪಲ್ಲಂಗದ ಮೇಲೆ ಮಲಗಿ ಎಂದರು.

ಪೇರ್ ಹಣ್ಣಿನ ಆಕಾರದ ಸ್ನಾಯು

ಬೆನ್ನೆಲುಬಿನ ಕೆಳತುದಿಯಲ್ಲಿ ಅಗಲವಾದ ತ್ರಿಕೋನ ಮೂಳೆ ಇದೆಯಲ್ಲ, ಅದರ ಒಳಮೈಯಿಂದ ಹೊರಟು, ಅಡ್ಡಲಾಗಿ ಹಾದು, ತೊಡೆಮೂಳೆಯ ಮೇಲ್ತುದಿಗೆ ಅಂಟಿಕೊಳ್ಳುವ ಸಣ್ಣ ಸ್ನಾಯುವೇ ಪಿರಿಫಾರ್ಮಿಸ್. ಲ್ಯಾಟಿನ್ ಭಾಷೆಯಲ್ಲಿ ಪೇರ್ ಹಣ್ಣಿನ ಆಕಾರದ್ದು ಎಂದರ್ಥ. ನಮ್ಮ ಧಾರವಾಡದ ಪೇರಲವಲ್ಲ, ಬೇರಿಕಾಯಿ. ತೊಡೆಯನ್ನು ಹೊರಕ್ಕೆ ತಿರುಗಿಸುವುದು, ಕೂತಾಗ ಅದನ್ನು ಪಕ್ಕಕ್ಕೆ ಸರಿಸುವುದು ಇದರ ಕೆಲಸ. ಕಾರಿನಿಂದ ಇಳಿಯುವಾಗ ಮೊದಲ ಕಾಲು ಹೊರಗಿಡುತ್ತೀರಲ್ಲ, ಆಗ ಇದು ದುಡಿಯುತ್ತದೆ.

ದೇಹದ ಅತಿ ದಪ್ಪ ನರವಾದ ಸಯಾಟಿಕ್ ನರ ಸಾಮಾನ್ಯವಾಗಿ ಈ ಸ್ನಾಯುವಿನ ಕೆಳಗಿನಿಂದ ಹೊರಬಂದು ಕಾಲಿಗೆ ಇಳಿಯುತ್ತದೆ. ಕೆಲವರಲ್ಲಿ ನರದ ಒಂದು ಭಾಗ ಸ್ನಾಯುವನ್ನೇ ಸೀಳಿಕೊಂಡು ಹೋಗುವುದೂ ಉಂಟು. ಸ್ನಾಯು ಬಿಗಿದರೆ, ಊದಿಕೊಂಡರೆ, ಪೆಟ್ಟು ತಿಂದರೆ ನರ ಕೆರಳುತ್ತದೆ. ಆಗ ಪೃಷ್ಠದಲ್ಲಿ ಆಳವಾದ ನೋವು, ತೊಡೆಯ ಹಿಂಭಾಗಕ್ಕೆ ಸೆಳೆತ, ಜೋಮು. ಹೆಚ್ಚು ಕೂತಷ್ಟೂ ಹೆಚ್ಚು ನೋವು.

ಸೆಳೆತಕ್ಕೆ ಈ ಸ್ನಾಯು ಕಾರಣವಾಗಬಹುದು ಎಂದು ಯೋಮನ್ ಎಂಬ ವೈದ್ಯರು ಬರೆದದ್ದು 1928ರಲ್ಲಿ. 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಡಿಸ್ಕ್ ಒಡೆದು ನರವನ್ನು ಒತ್ತುವುದನ್ನು ತೋರಿಸಿಕೊಟ್ಟ ಮೇಲೆ ಎಲ್ಲರ ಗಮನ ಡಿಸ್ಕಿನತ್ತ ಹರಿಯಿತು. 'ಪಿರಿಫಾರ್ಮಿಸ್ ಸಿಂಡ್ರೋಮ್' ಎಂಬ ಹೆಸರು ಬಂದದ್ದು 1947ರಲ್ಲಿ, ರಾಬಿನ್ಸನ್ ಎಂಬವರಿಂದ. ಇದು ಎಷ್ಟು ಜನರಿಗೆ ಬರುತ್ತದೆ, ಇದನ್ನು ಹೇಗೆ ಖಚಿತಪಡಿಸುವುದು ಎಂಬ ಬಗ್ಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ಆ ಜಾಗದಲ್ಲಿ ನರವನ್ನು ಒತ್ತುವ ಬೇರೆ ಕಾರಣಗಳೂ ಇರುವುದರಿಂದ 'ಡೀಪ್ ಗ್ಲೂಟಿಯಲ್ ಸಿಂಡ್ರೋಮ್' ಎಂಬ ವಿಶಾಲ ಹೆಸರನ್ನು ಈಗ ಹಲವರು ಬಳಸುತ್ತಾರೆ.

ಕೈಯಿಂದ ಮಾಡುವ ಪರೀಕ್ಷೆ

ಇದನ್ನು ಹೌದೆಂದು ಸಾರುವ ಒಂದು ರಕ್ತಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ಬೇರೆಯವನ್ನು ಒಂದೊಂದಾಗಿ ತಳ್ಳಿಹಾಕುತ್ತ ಬರಬೇಕು.

ಮಂಡಿ ಮಡಚದೆ ಕಾಲನ್ನು ಮೇಲೆತ್ತಿದರು. ಮಂಡಿಯ ಕೆಳಗೆ ಮಿಂಚು ಹೊಡೆದಂತೆ ಆಗಿದ್ದರೆ ಡಿಸ್ಕಿನ ಅನುಮಾನ ಬಲವಾಗುತ್ತಿತ್ತು, ನನಗೆ ಹಾಗಾಗಲಿಲ್ಲ. ಕೆಮ್ಮಿದಾಗ, ಸೀನಿದಾಗ ನೋವು ಹೆಚ್ಚುತ್ತದೆಯೇ ಎಂದು ಕೇಳಿದರು, ಇಲ್ಲ. ಕಾಲಿನ ಹೆಬ್ಬೆರಳಿನ ಬಲ, ಹಿಮ್ಮಡಿಯ ರಿಫ್ಲೆಕ್ಸ್ ನೋಡಿದರು, ಸರಿಯಾಗಿತ್ತು. ಕೊನೆಗೆ ಎಡಮಗ್ಗುಲಾಗಿ ಮಲಗಿಸಿ, ಬಲಗಾಲನ್ನು ಮಡಚಿ, ಮಂಡಿಯನ್ನು ಪಲ್ಲಂಗದತ್ತ ಒತ್ತಿದರು. ನಾನು ಚೀರಿದೆ. ಅದೇ ನೋವು, ಅದೇ ಜಾಗ. ಇದನ್ನು 'ಫೇರ್ ಟೆಸ್ಟ್' ಎನ್ನುತ್ತಾರಂತೆ. ಇದೊಂದರಿಂದಲೇ ತೀರ್ಮಾನವಿಲ್ಲ, ಎಲ್ಲ ಸೇರಿಸಿ ನೋಡಬೇಕು ಎಂದರು.

ಪೃಷ್ಠದ ನೋವೆಲ್ಲ ಪಿರಿಫಾರ್ಮಿಸ್ ಅಲ್ಲ. ಕೂತಾಗ ನೆಲಕ್ಕೆ ತಾಗುವ ಮೂಳೆಯ ಮೇಲೇ ನೋವಿದ್ದರೆ ಅಲ್ಲಿನ ದ್ರವದ ಚೀಲ ಊದಿರಬಹುದು. ದಿನವಿಡೀ ಮಗ್ಗದ ಮುಂದೆ ಕೂರುತ್ತಿದ್ದ ನೇಕಾರರಲ್ಲಿ ಕಾಣಿಸುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ನೇಕಾರರ ಹೆಸರೇ ಬಿದ್ದಿದೆ. ಓಟಗಾರರಿಗೆ ಅದೇ ಜಾಗದಲ್ಲಿ ತೊಡೆಯ ಹಿಂಭಾಗದ ಸ್ನಾಯುವಿನ ಕಂಡರ ನೋಯಬಹುದು. ಪಕ್ಕಕ್ಕೆ ಮಲಗಿದಾಗ ತೊಡೆಯ ಹೊರಬದಿ ನೋಯುತ್ತಿದ್ದರೆ ಅಲ್ಲಿನ ಸ್ನಾಯುಗಳ ಕಂಡರ ಕಾರಣವಿರಬಹುದು. ತೊಡೆಸಂದಿಯಲ್ಲಿ ನೋವಿದ್ದರೆ ಸೊಂಟದ ಕೀಲನ್ನು ನೋಡಬೇಕು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬಿಗಿತವಿದ್ದು, ಓಡಾಡಿದಂತೆ ಕಡಿಮೆಯಾಗುವ ನೋವು ಚಿಕ್ಕ ವಯಸ್ಸಿನವರಿಗಿದ್ದರೆ ಸಂಧಿವಾತ ತಜ್ಞರನ್ನು ಕಾಣಬೇಕು.

ಜೇಬಿನಲ್ಲಿದ್ದ ಕಾರಣ

ನನ್ನನ್ನು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಮರಾಠಿ ತಾಯಿ ಮೊದಲು ಕೇಳಿದ್ದು, "ಹಿಂದಿನ ಜೇಬಿನಲ್ಲಿ ಏನಿದೆ?" ನನ್ನ ಪಾಕೀಟು. ಆಧಾರ್, ಪ್ಯಾನ್, ನಾಲ್ಕು ಕಾರ್ಡು, ಕಾರಿನ ಆರ್‌ಸಿ, ಎಂದಿನವೋ ಎಟಿಎಂ ಚೀಟಿಗಳು. ಬಲಗಡೆಯ ಜೇಬು. ಇದು ಹೊಸ ಕಥೆಯೂ ಅಲ್ಲ. ಹಿಂಜೇಬಿನ ಪಾಕೀಟಿನಿಂದ ಬಂದ ಸೆಳೆತದ ಬಗ್ಗೆ ಅಮೆರಿಕದ ವೈದ್ಯಪತ್ರಿಕೆಗಳಲ್ಲಿ 1974ರಲ್ಲಿ ಒಮ್ಮೆ, 1978ರಲ್ಲಿ ಕ್ರೆಡಿಟ್ ಕಾರ್ಡುಗಳ ಹೆಸರಿನಲ್ಲೇ ಇನ್ನೊಮ್ಮೆ ಬರೆದಿದ್ದಾರೆ. ಪಾಕೀಟೊಂದೇ ಕಾರಣವೆಂದಲ್ಲ. ಹತ್ತು ತಾಸು ಕೂರುವುದು, ದುರ್ಬಲವಾದ ಪೃಷ್ಠದ ಸ್ನಾಯುಗಳು, ಎಲ್ಲ ಸೇರಿದ್ದವು.

ಬೆಲ್ಟ್ ಬಿಚ್ಚಿಸಿದರು. ಮಲಗಿ ವಿಶ್ರಾಂತಿ ಬೇಡ, ನಡೆಯಿರಿ ಎಂದರು. ಪ್ರತಿ ಅರ್ಧ ಗಂಟೆಗೆ ಎರಡು ನಿಮಿಷ ಏಳಬೇಕು. ವ್ಯಾಯಾಮ ಎರಡು ಬಗೆಯವು. ಮೊದಲನೆಯದು ಎಳೆತ: ಅಂಗಾತ ಮಲಗಿ ನೋವಿರುವ ಕಾಲಿನ ಹಿಮ್ಮಡಿಯನ್ನು ಇನ್ನೊಂದು ಮಂಡಿಯ ಮೇಲಿಟ್ಟು, ಕೆಳಗಿನ ತೊಡೆಯನ್ನು ಎದೆಯತ್ತ ಎಳೆದುಕೊಂಡು ಮೂವತ್ತು ಸೆಕೆಂಡು, ಮೂರು ಸಲ. ಹಿತವಾದ ಸೆಳೆತದವರೆಗೆ ಮಾತ್ರ. ಎರಡನೆಯದು ಬಲಕ್ಕೆ: ಮಂಡಿ ಮಡಚಿ ಮಲಗಿ ಸೊಂಟವನ್ನು ಮೇಲೆತ್ತುವುದು, ಮಗ್ಗುಲಾಗಿ ಮಲಗಿ ಪಾದಗಳನ್ನು ಕೂಡಿಸಿಟ್ಟು ಮೇಲಿನ ಮಂಡಿಯನ್ನು ಕಪ್ಪೆಚಿಪ್ಪಿನಂತೆ ತೆರೆಯುವುದು. ಎಳೆತ ತಕ್ಷಣ ಹಿತ ಕೊಡುತ್ತದೆ, ಬಲ ಬರುವುದಕ್ಕೆ ವಾರಗಳು ಬೇಕು. ಜನ ಎರಡನೆಯದನ್ನು ಬಿಟ್ಟುಬಿಡುತ್ತಾರೆ ಎಂದು ಆಕೆ ಎಚ್ಚರಿಸಿದರು.

ಮೂರನೆಯ ವಾರ ನನ್ನ ಜಾಣತನ ಹೊರಬಿತ್ತು. ಯಾವುದೋ ವಿಡಿಯೋ ನೋಡಿ ಟೆನ್ನಿಸ್ ಚೆಂಡಿನ ಮೇಲೆ ಇಪ್ಪತ್ತು ನಿಮಿಷ ಕೂತೆ. ಹೆಚ್ಚು ಒತ್ತಿದರೆ ಹೆಚ್ಚು ಗುಣ ಎಂಬ ಲೆಕ್ಕ. ಎರಡು ದಿನ ಕಾಲು ಧಗಧಗ ಉರಿಯಿತು. "ಒತ್ತಿದ್ದು ಸ್ನಾಯುವನ್ನಲ್ಲ, ನರವನ್ನು," ಎಂದರು ಆಕೆ. ಮತ್ತೆ ಮೊದಲಿನಿಂದ ಶುರು ಮಾಡಿದೆವು.

ಇಷ್ಟಕ್ಕೂ ಬಗ್ಗದಿದ್ದರೆ ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಸ್ನಾಯುವಿಗೆ ಮರಗಟ್ಟಿಸುವ ಔಷಧ ಅಥವಾ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಕೆಲವರಿಗೆ ಬೊಟ್ಯುಲಿನಂ ಕೊಡುವುದೂ ಉಂಟು. ಆಪರೇಷನ್ ಎಲ್ಲಕ್ಕಿಂತ ಕೊನೆಯ ಮಾತು. ನನಗೆ ಇವಾವುದೂ ಬೇಕಾಗಲಿಲ್ಲ. ಮೇ ತಿಂಗಳ ಹೊತ್ತಿಗೆ ಒಂದು ಗಂಟೆ ಕೂರುವಂತಾದೆ.

ಕಾಯಬಾರದ ಲಕ್ಷಣಗಳು

ನನ್ನ ಕಥೆ ಓದಿ ನಿಮ್ಮ ನೋವಿಗೆ ನೀವೇ ಹೆಸರಿಟ್ಟುಕೊಳ್ಳಬೇಡಿ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ನಡುವಿನ ಭಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವಂತಾದರೆ, ಎರಡೂ ಕಾಲುಗಳ ಬಲ ಕುಂದಿದರೆ ಅಂದೇ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದ ಚರಿತ್ರೆ, ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೂ ತಡಮಾಡಬೇಡಿ.

ಇನ್ನು ನಮ್ಮಂಥ ಪರಊರಿನವರಿಗೆ ಒಂದು ಮಾತು. ಕಚೇರಿಯ ಹಿಂದಿ, ತರಕಾರಿ ಅಂಗಡಿಯ ಮರಾಠಿ ನಮಗೆ ಬರುತ್ತದೆ, ನೋವಿನ ಭಾಷೆ ಬರುವುದಿಲ್ಲ. ಜೋಮು, ಸೆಳೆತ, ಚಳುಕು, ಉರಿ ಇವೆಲ್ಲ ಬೇರೆಬೇರೆ. 'ದರ್ದ್' ಎಂಬ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬಿ ಕೊಡುತ್ತೇವೆ. ಹೋಗುವ ಮೊದಲು ಕಲಿತು ಹೋಗಿ. ಚೆನ್ನೈಯಲ್ಲಿ 'ಪಿಟ್ಟಂ' ಅನ್ನಿ, ಹೈದರಾಬಾದಿನಲ್ಲಿ 'ಪಿರುದು', ಮುಂಬೈ ಪುಣೆಗಳಲ್ಲಿ 'ನಿತಂಬ'. ದಿಲ್ಲಿಯಲ್ಲಿ 'ಕೂಲ್ಹಾ' ಎಂದರೆ ಸೊಂಟದ ಕೀಲು ಎಂದೂ ತಿಳಿಯಬಹುದು, ಆದ್ದರಿಂದ ಬೆರಳಿಟ್ಟು ತೋರಿಸಿ. ಬೆರಳಿಗೆ ಯಾವ ಭಾಷೆಯೂ ಬೇಕಿಲ್ಲ.

ಈ ಗಣೇಶ ಚತುರ್ಥಿಗೆ ಮತ್ತೆ ಕಾರು ತೆಗೆದೆ. ಪಾಕೀಟು ಡ್ಯಾಶ್‌ಬೋರ್ಡಿನಲ್ಲಿ. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಐದು ಕಡೆ ಇಳಿದು ಐದೈದು ನಿಮಿಷ ಅಡ್ಡಾಡಿದೆ. ಒಂದೂವರೆ ತಾಸು ತಡವಾಗಿ ಮನೆ ಮುಟ್ಟಿದೆವು. ಅವ್ವ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುಂದ್ರು," ಎಂದಳು. ಕೂತೆ. ಚಹಾ ಬಂತು. ಎರಡನೆಯ ಕಪ್ಪು ಮುಗಿಯುವವರೆಗೂ ಏಳಲಿಲ್ಲ.