ಗೋಡೆ ಮೇಲಿನ ಸರ್ಟಿಫಿಕೇಟು ನೋಡಿ ಮಗನನ್ನು ಸೇರಿಸಿದೆ

ಮಗನಿಗೆ ಎರಡು ವರ್ಷ ತುಂಬಿದಾಗ ಅವನ ಬಾಯಲ್ಲಿ ಬರ್ತಿದ್ದುದು ‘ಅಮ್ಮ’, ‘ಬಾ’ ಎರಡೇ. “ಗಂಡುಮಕ್ಕಳಿಗೆ ಮಾತು ತಡ ಕಣಮ್ಮ, ನಿನ್ನ ಗಂಡನೂ ಮೂರು ವರ್ಷಕ್ಕೇ ಮಾತಾಡಿದ್ದು” ಅಂದರು ಅತ್ತೆ. ಆದರೂ ಮನಸ್ಸು ತಡೆಯಲಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದ ನಂಬರಿಗೆ ಫೋನ್ ಮಾಡಿ, ಹತ್ತಿರದ ಸ್ಪೀಚ್ ಥೆರಪಿ ಸೆಂಟರಿಗೆ ಸೇರಿಸಿದೆ. ವಾರಕ್ಕೆರಡು ಸೆಷನ್, ಒಂದಕ್ಕೆ 800 ರೂಪಾಯಿ. ಬಣ್ಣದ ಗೋಡೆ, ರಾಶಿ ಆಟಿಕೆ, ಫ್ರೇಮ್ ಹಾಕಿದ ಸರ್ಟಿಫಿಕೇಟು. ಇನ್ನೇನು ನೋಡೋದಿದೆ ಅನ್ನಿಸಿತ್ತು.

ಏಳು ತಿಂಗಳು ಕಳೆದವು. ಕಾರ್ಡ್ ತೋರಿಸಿ ‘ಆಪಲ್ ಹೇಳು, ಬಾಲ್ ಹೇಳು’ ಅನ್ನೋದೇ ಪಾಠ. ಹೇಳದಿದ್ದರೆ ‘ಹಟ ಜಾಸ್ತಿ, ಮೊಬೈಲ್ ಕಮ್ಮಿ ಮಾಡಿ’ ಅಂತ ನಮಗೆ ಉಪದೇಶ. ಇವನ ಕಿವಿ ಪರೀಕ್ಷೆ ಆಗಿದೆಯಾ ಅಂತ ಒಮ್ಮೆಯೂ ಯಾರೂ ಕೇಳಲಿಲ್ಲ.

ಕೇಳಿದ್ದು ಚಿಕ್ಕಮ್ಮನ ಮಗಳು. ಮೈಸೂರಿನಲ್ಲಿ ಬಿಎಎಸ್‌ಎಲ್‌ಪಿ ಓದಿದವಳು. ಅವಳ ಒತ್ತಾಯಕ್ಕೆ ಆಡಿಯಾಲಜಿಸ್ಟ್ ಹತ್ತಿರ ಹೋದೆವು. ಮಗು ನಿದ್ದೆಯಲ್ಲಿದ್ದಾಗ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಾಡುವ ಬೇರಾ ಪರೀಕ್ಷೆ ಆಯಿತು. ಎರಡೂ ಕಿವಿಯಲ್ಲಿ ಮಧ್ಯಮ ಪ್ರಮಾಣದ ಶ್ರವಣದೋಷ. ಬಾಗಿಲು ಬಡಿದರೆ ತಿರುಗಿ ನೋಡ್ತಿದ್ದ, ಅದಕ್ಕೇ ನಮಗೆ ಅನುಮಾನ ಬಂದಿರಲಿಲ್ಲ. ‘ಸ’, ‘ಫ’ದಂಥ ಮೆಲುದನಿಗಳು ಅವನಿಗೆ ಸರಿಯಾಗಿ ತಲುಪುತ್ತಲೇ ಇರಲಿಲ್ಲ. ಕೇಳದ ಶಬ್ದವನ್ನು ಹೇಳು ಅಂತ ಏಳು ತಿಂಗಳು ಕಾಡಿಸಿದ್ದೆವು.

“ಅವರ ಸಿಆರ್‌ಆರ್ ನಂಬರ್ ನೋಡಿದ್ದೆಯಾ ಅಕ್ಕ?” ಅಂದಳು. ಆ ಪದವನ್ನೇ ನಾನು ಮೊದಲ ಸಲ ಕೇಳಿದ್ದು.

ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ನಂಬರ್ ಇದ್ದ ಹಾಗೆ, ವಾಕ್ ಮತ್ತು ಶ್ರವಣ ತಜ್ಞರಿಗೆ ನಂಬರ್ ಕೊಡುವುದು ದೆಹಲಿಯ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. ಅದರ 1992ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಈ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ದೇಶದಲ್ಲಿ ಎಲ್ಲೂ ಈ ವೃತ್ತಿ ನಡೆಸುವಂತಿಲ್ಲ, ಸರ್ಟಿಫಿಕೇಟಿಗೆ ಸಹಿ ಹಾಕುವಂತಿಲ್ಲ. ತಪ್ಪಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ! ನಾವು ಎರಡು ಸೆಷನ್‌ಗೆ ಕೊಟ್ಟಿದ್ದೇ ಅದಕ್ಕಿಂತ ಹೆಚ್ಚು. ನಮ್ಮ ಸೆಂಟರಿನವರ ಹೆಸರು ಆರ್‌ಸಿಐ ವೆಬ್‌ಸೈಟಿನಲ್ಲಿ ಸಿಗಲಿಲ್ಲ. ಗೋಡೆಯ ಮೇಲಿದ್ದುದು ಯಾವುದೋ ಆನ್‌ಲೈನ್ ಕೋರ್ಸಿನದು.

ಹಾಗಂತ ನಂಬರ್ ಇಲ್ಲದವರೆಲ್ಲ ಮೋಸಗಾರರಲ್ಲ, ಇದು ನನಗೆ ತಡವಾಗಿ ಅರ್ಥವಾಯಿತು. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಕಿವಿ ಸಮಸ್ಯೆಯನ್ನು ಗುರುತಿಸಿ ಮುಂದೆ ಕಳಿಸುತ್ತದೆ. ಇಎನ್‌ಟಿ ಡಾಕ್ಟರು ತಮ್ಮದೇ ನೋಂದಣಿಯಲ್ಲಿ ಕಿವಿ ಸೋರುವುದಕ್ಕೆ, ಆಪರೇಷನ್‌ಗೆ ನೋಡುತ್ತಾರೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿದ್ಯಾರ್ಥಿಗಳೇ ಥೆರಪಿ ಮಾಡುತ್ತಾರೆ, ಆದರೆ ಮೇಲ್ವಿಚಾರಕರ ಕಣ್ಣಳತೆಯಲ್ಲಿ. ಹಿಯರಿಂಗ್ ಏಡ್ ಅಂಗಡಿಯ ಹುಡುಗ ಮಾರಾಟ ಮಾಡಲಿ, ಬೇಡ ಅನ್ನೋಲ್ಲ. ಆಡಿಯೋಗ್ರಾಂ ನೋಡಿ ಮಗುವಿಗೆ ಹೊಂದಿಸುವುದು ಮಾತ್ರ ಅವನ ಕೆಲಸವಲ್ಲ. ಸದ್ದು ಅತಿಯಾಗಿಟ್ಟರೆ ಉಳಿದ ಶ್ರವಣಕ್ಕೂ ಪೆಟ್ಟು.

ಮತ್ತೆ ನಾವು, ಮನೆಯವರು. ಸ್ನಾನ ಮಾಡಿಸುವಾಗ, ಊಟಕ್ಕೆ ಕೂತಾಗ ಮಗನ ಮುಖ ನೋಡಿ ಮಾತಾಡೋದಕ್ಕೆ ಯಾವ ನಂಬರೂ ಬೇಡ. ಹೇಗೆ ಮಾತಾಡಬೇಕು ಅಂತ ಈಗಿನ ಥೆರಪಿಸ್ಟ್ ನನಗೂ ಅತ್ತೆಗೂ ಕೂರಿಸಿಕೊಂಡು ಕಲಿಸಿದರು. ಅತ್ತೆ ನನಗಿಂತ ಚೆನ್ನಾಗಿ ಮಾಡ್ತಾರೆ. ಎರಡೂ ಕಿವಿಗೆ ಮೆಷಿನ್ ಹಾಕಿ ಐದು ತಿಂಗಳಾಯಿತು. ಎರಡು ಪದ ಜೋಡಿಸಿ ಹೇಳೋಕೆ ಶುರು ಮಾಡಿದ್ದಾನೆ.

ಗ್ರೂಪಿನಲ್ಲಿ ಆ ಸೆಂಟರಿನ ನಂಬರ್ ಈಗಲೂ ಓಡಾಡುತ್ತಿದೆ. ಹೋದ ವಾರ ಮೂರನೇ ಮಹಡಿಯವರೊಬ್ಬರು ‘ಯಾರಾದರೂ ಹೋಗಿದ್ದೀರಾ?’ ಅಂತ ಕೇಳಿದ್ದರು. ಅವರಿಗೆ ಬೇರೆಯಾಗಿ ಮೆಸೇಜ್ ಹಾಕಿದೆ: “ಮೊದಲು ಕಿವಿ ಟೆಸ್ಟ್ ಮಾಡಿಸಿ. ದುಡ್ಡು ಕಟ್ಟೋ ಮುಂಚೆ ಸಿಆರ್‌ಆರ್ ನಂಬರ್ ಕೇಳಿ, ಆರ್‌ಸಿಐ ಸೈಟಲ್ಲಿ ಹೆಸರು ಹುಡುಕಿ. ಬೇಕಿದ್ದರೆ ಸಂಜೆ ಮನೆಗೆ ಬನ್ನಿ, ಒಟ್ಟಿಗೆ ನೋಡೋಣ.”