ಮೋಸಂಬಿಗೆ ನೀರು ಬಿಟ್ಟ ತಪ್ಪು

ನಮ್ಮ ಹಾಸ್ಟೆಲ್ ಎದುರಿನ ಜ್ಯೂಸ್ ಅಂಗಡಿಯ ಬೋರ್ಡಿನಲ್ಲಿ ಮೋಸಂಬಿಗೆ ‘ಸ್ವೀಟ್ ಲೈಮ್’ ಎಂದು ಬರೆದಿದ್ದಾರೆ. ನೋಡಿದಾಗಲೆಲ್ಲ ನನಗೆ ನಗು. ಮೋಸಂಬಿ ನಿಂಬೆಯಲ್ಲ, ಸಿಹಿ ಕಿತ್ತಳೆಯ ಒಂದು ತಳಿ. ಹೆಸರು ಆಫ್ರಿಕಾದ ಮೊಜಾಂಬಿಕ್‌ನಿಂದ ಬಂತು ಅಂತಾರೆ. ನಮ್ಮ ಮನೆಗೆ ಮಾತ್ರ ಅದು ಬರುವುದು ಶಿರಹಟ್ಟಿ ಹತ್ತಿರದ ಮಸಾರಿ ಹೊಲದಿಂದ. ಎರಿ ಹೊಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ ಎಂದು ಅಪ್ಪ ಇಲ್ಲಿಯೇ 80 ಗಿಡ ಹಚ್ಚಿದ್ದಾನೆ.

ಈ ಗಿಡ ಮೈತುಂಬ ಹೂ ಬಿಡಬೇಕಾದರೆ ಮೊದಲು ಅದನ್ನು ಬಾಯಾರಿಸಬೇಕು. ಬಹಾರ ಹಿಡಿಯುವುದು ಅಂದರೆ ಇದೇ. ಅಂಬೆ, ಮೃಗ, ಹಸ್ತ ಎಂದು ಮೂರು ಬಹಾರಗಳಿವೆ. ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ನಂಬುವಂತಿಲ್ಲ, ಹಾಗಾಗಿ ನಮ್ಮದು ಮೃಗ. ಏಪ್ರಿಲ್ ಕೊನೆಗೆ ನೀರು ಬಂದ್. ಗಿಡ ಚಿಗುರುವುದನ್ನು ನಿಲ್ಲಿಸಿ, ತಯಾರಿಸಿದ ಆಹಾರವನ್ನು ಒಳಗೇ ಕೂಡಿಡುತ್ತದೆ. ಜೂನ್‌ನಲ್ಲಿ ಮಿರಗದ ಮಳೆ ಬಿದ್ದರೆ ಹೊಲವೆಲ್ಲ ಒಟ್ಟಿಗೆ ಹೂ.

ಇದನ್ನೆಲ್ಲ ನಾನು ತಿಳಿದದ್ದು ಹೋದ ವರ್ಷ, ಕೆಡಿಸಿದ ಮೇಲೆ. ಮೇ ತಿಂಗಳ ರಜೆ. ಅಪ್ಪ ಲಗ್ನಕ್ಕೆಂದು ಮುಂಡರಗಿಗೆ ಹೋಗಿದ್ದ. ಎಲೆ ಮುದುಡಿ ಉದುರುವುದನ್ನು ನೋಡಲಾಗದೆ ಮೋಟಾರು ಚಾಲೂ ಮಾಡಿ ಮುಂದಿನ ಮೂರು ಸಾಲಿಗೆ ರಾತ್ರಿಯಿಡೀ ನೀರು ಬಿಟ್ಟೆ. ಎರಡು ವಾರದಲ್ಲಿ ಎಳೆ ಹಸಿರು ಚಿಗುರು! ಅಪ್ಪನನ್ನು ಕರೆದು ಹೆಮ್ಮೆಯಿಂದ ತೋರಿಸಿದೆ.

‘ತಮ್ಮಾ, ಇವು ಇನ್ನ ಎಲಿ ಕೊಡ್ತಾವ, ಹೂ ಕೊಡಂಗಿಲ್ಲ’ ಅಂದ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಮಳೆ ಬಂತು. ಹಿಂದಿನ ಸಾಲುಗಳ ಹೂವಿನ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ನನ್ನ ಮೂರು ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು. ಮಾರ್ಚ್‌ನಲ್ಲಿ ಹಣ್ಣು ಹರಿದಾಗ ಅಲ್ಲಿ ಸಿಕ್ಕದ್ದು ಎರಡೇ ಬುಟ್ಟಿ. ಆ ಸೆಮಿಸ್ಟರ್ ಫೀ ಕಟ್ಟಲು ಅಪ್ಪ ಕಾಕಾನ ಹತ್ತಿರ ಕೈಗಡ ತಂದದ್ದು ನನಗೆ ಅವ್ವನಿಂದ ಗೊತ್ತಾಯಿತು.

ಹಣ್ಣು ಮಾರಲು ಗದಗಕ್ಕೆ ನಾನೂ ಹೋಗಿದ್ದೆ. ‘ಹಸರ ಅದಾವ, ಹುಳಿ ಇರ್ತಾವ’ ಎಂದು ಒಬ್ಬರು ರೇಟು ಇಳಿಸಿದರು. ರಾತ್ರಿ ತಂಪು ಸಾಲದ ಊರುಗಳಲ್ಲಿ ಒಳಗೆ ಪೂರ್ತಿ ಮಾಗಿದರೂ ಸಿಪ್ಪೆಯ ಹಸಿರು ಹೋಗುವುದಿಲ್ಲ. ವಾದ ಮಾಡುವ ಬದಲು ಒಂದು ಹಣ್ಣು ಕೊಯ್ದು ಕೈಗಿಟ್ಟೆ. ತಿಂದು, ಮೊದಲಿನ ರೇಟಿಗೇ ಒಪ್ಪಿದರು.

ಈ ಮೇನಲ್ಲೂ ಒಂದು ಲಗ್ನವಿತ್ತು, ಲಕ್ಷ್ಮೇಶ್ವರದಲ್ಲಿ. ಎಲೆ ಉದುರುತ್ತಿದ್ದವು. ಹೊರಡುವಾಗ ಅಪ್ಪ ಮೋಟಾರಿನ ಮನೆಯ ಕೀಲಿಯನ್ನು ನನ್ನ ಕೈಗೇ ಕೊಟ್ಟು ಬಸ್ ಹತ್ತಿದ.