ನೆಲವಿಲ್ಲದ ನಾಡು

ನಮ್ಮ ಮಾತೊಂದು ಪರದೇಶಕ್ಕೆ ಹೋಗಿ ಹೊಸ ವೇಷದಲ್ಲಿ ಹಿಂದಿರುಗುವುದುಂಟು. 'ಅವತಾರ' ಅಂಥ ಮಾತು. ಮೇಲಿನಿಂದ ಇಳಿದು ಬರುವುದೆಂಬುದು ಅದರ ಧಾತ್ವರ್ಥ. ಲೋಕವನ್ನು ಕಾಯುವವನು ಆ ಲೋಕದೊಳಕ್ಕೇ ಒಂದು ರೂಪು ತಳೆದು ಇಳಿಯುತ್ತಾನೆಂಬುದು ನಮ್ಮ ಪುರಾಣಗಳ ಕಲ್ಪನೆ. ಇಂದಿನ ಕಾಲೇಜು ಹುಡುಗನನ್ನು ಕೇಳಿದರೆ, ಗಣಕಯಂತ್ರದ ತೆರೆಯ ಮೇಲೆ ತನ್ನ ಪರವಾಗಿ ನಡೆದಾಡುವ ಬೊಂಬೆಗೆ 'ಅವತಾರ್' ಎಂದು ಹೆಸರು ಎನ್ನುತ್ತಾನೆ. ಅರ್ಥವು ಕೆಟ್ಟಿತೆಂದು ನೊಂದುಕೊಳ್ಳಬೇಕಾಗಿಲ್ಲ. ಒಂದು ಲೋಕದಲ್ಲಿ ಕುಳಿತವನು ಇನ್ನೊಂದು ಲೋಕಕ್ಕೆ ಇಳಿಯುತ್ತಾನೆಂಬ ಮೂಲಭಾವ ಅಲ್ಲಿಯೂ ಉಳಿದಿದೆ.

ಅಂತರಜಾಲದಲ್ಲಿ ಹಲವರು ಒಟ್ಟಿಗೆ ಹೊಕ್ಕು ಸಂಚರಿಸುವ, ಕೆಲವೆಡೆ ತಾವೇ ಕಟ್ಟಿ ಬೆಳೆಸುವ ಈ ಕಲ್ಪಿತ ಪ್ರದೇಶಗಳನ್ನು ಇಂಗ್ಲಿಷಿನಲ್ಲಿ ವರ್ಚುವಲ್ ವರ್ಲ್ಡ್ ಎನ್ನುತ್ತಾರೆ. ಬರೆವಣಿಗೆಯ ಅನುಕೂಲಕ್ಕಾಗಿ ನಾನು ಗಣಕಲೋಕವೆಂದು ಕರೆಯುತ್ತೇನೆ. ಸಾಹಿತ್ಯವನ್ನು ಓದುವವರಿಗೆ, ಕಲಿಸುವವರಿಗೆ ಇದರ ಗೊಡವೆಯೇಕೆ ಎಂದು ಯಾರಾದರೂ ಕೇಳಬಹುದು. ಕಲ್ಪಿತ ಲೋಕದಲ್ಲಿ ವಾಸಮಾಡುವ ವಿದ್ಯೆ ನಮಗೆ ಹೊಸದಲ್ಲ. ಕಾದಂಬರಿಯ ಊರಿನಲ್ಲಿ ನಾವು ವಾರಗಟ್ಟಲೆ ಇದ್ದು ಬರುತ್ತೇವೆ. ಆದರೆ ಆ ಊರಿನಲ್ಲಿ ಓದುಗನು ಒಂದು ಬಾವಿ ತೋಡಲಾರ, ಒಂದು ಕಲ್ಲು ಎತ್ತಿಡಲಾರ. ಗಣಕಲೋಕದಲ್ಲಿ ಅದು ಸಾಧ್ಯ. ಓದುಗನೇ ಗುದ್ದಲಿ ಹಿಡಿದು ಕಥೆಯೊಳಕ್ಕೆ ನಡೆದರೆ ಏನಾಗುತ್ತದೆ? ಅವನು ಕಟ್ಟಿದ್ದು ಯಾರದಾಗುತ್ತದೆ? ಈ ಎರಡು ಪ್ರಶ್ನೆಗಳ ಬೆನ್ನು ಹಿಡಿದು ಸ್ವಲ್ಪ ದೂರ ಹೋಗೋಣ.

ಮೊದಲು ಮೂಡಿದ ಲೋಕವು ಕೇವಲ ಮಾತಿನದಾಗಿತ್ತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ಇಬ್ಬರು ವಿದ್ಯಾರ್ಥಿಗಳು 'ಮಡ್' ಎಂಬ ಆಟವನ್ನು ರಚಿಸತೊಡಗಿದರು. ಹಲವರು ಒಟ್ಟಿಗೆ ಹೊಗುವ ನೆಲಮಾಳಿಗೆ ಎಂದು ಹೆಸರಿನ ತಾತ್ಪರ್ಯ. ಅಲ್ಲಿ ಚಿತ್ರವಿಲ್ಲ. ಕಾಡು, ದಾರಿ, ಗುಹೆಗಳ ವರ್ಣನೆ ತೆರೆಯ ಮೇಲೆ ಅಕ್ಷರಗಳಲ್ಲಿ ಮೂಡುತ್ತದೆ; ಆಡುವವನು ಉತ್ತರಕ್ಕೆ ಎಂದು ಬೆರಳಚ್ಚಿಸಿದರೆ ಮುಂದಿನ ತಾಣದ ವರ್ಣನೆ ಬರುತ್ತದೆ. ಅದೇ ತಾಣದಲ್ಲಿ ಬೇರೊಬ್ಬನಿದ್ದರೆ ಅವನ ಮಾತೂ ಕಾಣುತ್ತದೆ. ನಮ್ಮ ಕಾವ್ಯಗಳ ಪುರವರ್ಣನೆಗೆ ಬಾಗಿಲು ತೆರೆದು, ಒಳಗೆ ಬನ್ನಿ ಎಂದಂತಾಯಿತು.

ಅಲ್ಲಿ ಬಂದವನು ಮುಖ್ಯವಾಗಿ ಪಥಿಕ. ಅವನ ಕೈಗೆ ಕಟ್ಟುವ ಅಧಿಕಾರವನ್ನು ಧಾರಾಳವಾಗಿ ಕೊಟ್ಟದ್ದು 1989ರಲ್ಲಿ ಅಮೆರಿಕೆಯ ಜೇಮ್ಸ್ ಆಸ್ಪ್‌ನೆಸ್ ರಚಿಸಿದ 'ಟೈನಿಮಡ್'. ಮರುವರ್ಷ ಪಾವೆಲ್ ಕರ್ಟಿಸ್ ಎಂಬಾತನು ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ 'ಲ್ಯಾಮ್ಡಾಮೂ' ಎಂಬ ಲೋಕವನ್ನು ತೆರೆದನು. ತಾನು ವಾಸಿಸುತ್ತಿದ್ದ ಮನೆಯನ್ನೇ ಮಾದರಿಯಾಗಿಟ್ಟುಕೊಂಡು ವಾಕ್ಯಗಳಿಂದ ಒಂದು ದೊಡ್ಡ ಮನೆ ಕಟ್ಟಿದನು. ಬಂದವರು ಅದಕ್ಕೆ ಕೋಣೆ, ತೋಟ, ಸುರಂಗಗಳನ್ನು ಜೋಡಿಸುತ್ತ ಹೋದರು. ಅಲ್ಲಿ ಕೋಣೆ ಕಟ್ಟುವುದೆಂದರೆ ಒಂದು ಕಂಡಿಕೆ ಗದ್ಯವನ್ನು ಬರೆಯುವುದು. ಒಳ್ಳೆಯ ಗದ್ಯ ಬರೆದವನ ಕೋಣೆಯಲ್ಲಿ ಜನ ನಿಲ್ಲುತ್ತಿದ್ದರು. ಆದರೆ ಪ್ರತಿಯೊಂದು ಕೋಣೆಗೂ ಯಂತ್ರದ ಸ್ಮರಣಶಕ್ತಿಯಲ್ಲಿ ಎಡೆ ಬೇಕು, ಅದಕ್ಕೊಂದು ಮಿತಿಯುಂಟು. ಆದ್ದರಿಂದ ಯಾರಿಗೆ ಎಷ್ಟು ಕಟ್ಟಲು ಅವಕಾಶ ಕೊಡಬೇಕೆಂಬುದನ್ನು ನಿರ್ಣಯಿಸಲು ನಿವಾಸಿಗಳ ಒಂದು ಮಂಡಳಿಯೇ ಹುಟ್ಟಿಕೊಂಡಿತು. ನೆಲವಿಲ್ಲದ ನಾಡಿನಲ್ಲಿ ನೆನಪೇ ನೆಲವಾಯಿತು. ನೆಲ ಬಂದೊಡನೆ ಅದರ ಹಂಚಿಕೆಯ ತಂಟೆಯೂ ಬಂದಿತು.

ಇನ್ನೂ ಗಂಭೀರವಾದ ತಂಟೆಯೊಂದು 1993ರಲ್ಲಿ ಒದಗಿತು. ಅಲ್ಲಿನ ಒಬ್ಬ ನಿವಾಸಿಯು ಒಂದು ಯಂತ್ರತಂತ್ರವನ್ನು ಬಳಸಿ, ಇತರರ ಪಾತ್ರಗಳು ಹೇಯವಾದ ಕೃತ್ಯಗಳಿಗೆ ಒಳಗಾದಂತೆ ಎಲ್ಲರೆದುರಿಗೆ ವಾಕ್ಯಗಳನ್ನು ಮೂಡಿಸಿದನು. ಯಾರ ಮೈಗೂ ಗಾಯವಾಗಲಿಲ್ಲ. ಆದರೆ ಆ ಪಾತ್ರಗಳ ಹಿಂದಿದ್ದವರು ನಿಜವಾಗಿಯೇ ನೊಂದರು. ನಿವಾಸಿಗಳು ಸಭೆ ಸೇರಿ ವಾದಿಸಿದರು. ಕೊನೆಗೆ ಆಡಳಿತಾಧಿಕಾರವಿದ್ದವನೊಬ್ಬನು ತಪ್ಪಿತಸ್ಥನ ಪಾತ್ರವನ್ನು ಅಳಿಸಿದನು. ಮುಂದೆ ಕರ್ಟಿಸನು ಮನವಿ ಮತ್ತು ಮತದಾನಗಳ ಪದ್ಧತಿಯನ್ನೇ ಜಾರಿಗೆ ತಂದನು. ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತನು ಅದೇ ವರ್ಷ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಈ ಪ್ರಸಂಗವನ್ನು ಬರೆದ ಮೇಲೆ ವಿದ್ವಾಂಸರ ಕಣ್ಣು ಇತ್ತ ತಿರುಗಿತು. ಮಾತೇ ಕೃತಿಯಾಗುವ ಲೋಕದಲ್ಲಿ ಮಾತಿನ ಹೊಣೆಯೂ ಕೃತಿಯ ಹೊಣೆಯಷ್ಟೇ ಭಾರವೆಂಬುದು ಅಲ್ಲಿ ಸಿದ್ಧವಾಯಿತು.

ಇಷ್ಟರಲ್ಲಿ ಚಿತ್ರಗಳ ಲೋಕವೂ ಹುಟ್ಟಿತ್ತು. ಲ್ಯುಕಾಸ್‌ಫಿಲ್ಮ್ ಸಂಸ್ಥೆಯ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರಾಂಡಿ ಫಾರ್ಮರ್ 'ಹ್ಯಾಬಿಟಾಟ್' ಎಂಬ ಪಟ್ಟಣವನ್ನು 1986ರಲ್ಲಿ ಪ್ರಯೋಗಾರ್ಥವಾಗಿ ತೆರೆದರು. ತೆರೆಯ ಮೇಲಿನ ಬೊಂಬೆಗೆ ಅವತಾರವೆಂಬ ಹೆಸರು ಬಳಕೆಗೆ ಬಂದುದರಲ್ಲಿ ಇವರ ಪಾಲು ದೊಡ್ಡದು. 20,000 ನಿವಾಸಿಗಳಿಗೆಂದು ಯೋಜಿಸಿದ ಊರಿನಲ್ಲಿ ಮೊದಮೊದಲು ಎಲ್ಲವನ್ನೂ ತಾವೇ ನಿರ್ಣಯಿಸಬೇಕೆಂದು ಅವರು ಹೊರಟಿದ್ದರು. ವಾರಗಟ್ಟಲೆ ಶ್ರಮಪಟ್ಟು ಒಂದು ನಿಧಿಶೋಧದ ಆಟವನ್ನು ಸಜ್ಜುಗೊಳಿಸಿದರು; ಒಬ್ಬ ನಿವಾಸಿಯು ಎಂಟೇ ಗಂಟೆಗಳಲ್ಲಿ ಅದನ್ನು ಮುಗಿಸಿಬಿಟ್ಟನು. ಇತ್ತ ಹೊರಗಿನ ಬದುಕಿನಲ್ಲಿ ಪಾದ್ರಿಯಾಗಿದ್ದವನೊಬ್ಬನು, ಯಾರೂ ಕೇಳದಿದ್ದರೂ, ಆ ಪಟ್ಟಣದಲ್ಲಿ ಅಹಿಂಸೆಯ ನಿಯಮವುಳ್ಳ ಒಂದು ಸಂಘವನ್ನು ಸ್ಥಾಪಿಸಿದನು. ಜನ ಏನು ಮಾಡಬೇಕೆಂದು ಮೇಲಿನಿಂದ ವಿಧಿಸುವುದಕ್ಕಿಂತ, ಏನು ಮಾಡುತ್ತಿದ್ದಾರೆಂದು ನೋಡಿ ಅದಕ್ಕೆ ನೆರವಾಗುವುದು ಲೇಸೆಂದು ಆ ಇಬ್ಬರೂ 1990ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ತರಗತಿ ನಡೆಸುವವರಿಗೂ ಈ ವಿವೇಕ ಅನ್ವಯಿಸುತ್ತದೆ.

ಜನರನ್ನು ಅವರ ಪಾಡಿಗೆ ಬಿಟ್ಟರೆ ಎಂಥ ಊರು ಬೆಳೆಯುತ್ತದೆ? 1995ರಲ್ಲಿ ತೆರೆದ 'ಆಲ್ಫಾವರ್ಲ್ಡ್' ಇದಕ್ಕೆ ಒಂದು ಚೆಲುವಾದ ಉತ್ತರ. ಅದರ ವಿಸ್ತಾರ ಸುಮಾರು 4 ಲಕ್ಷ ಚದರ ಕಿಲೋಮೀಟರು. ಅಂದರೆ ನಮ್ಮ ಕರ್ನಾಟಕದ ಎರಡು ಪಾಲಿಗೂ ಮಿಗಿಲು. ಸಮತಟ್ಟಾದ ಬಯಲು, ಬಂದವರು ಖಾಲಿ ಜಾಗ ಹಿಡಿದು ಮನೆ ಕಟ್ಟಬಹುದು. ಕೆಲವು ವರ್ಷಗಳ ತರುವಾಯ ಆಕಾಶದಿಂದ ನೋಡಿದಂತೆ ಅದರ ನಕ್ಷೆ ತೆಗೆದಾಗ, ಊರು ನಕ್ಷತ್ರದ ಆಕಾರದಲ್ಲಿ ಬೆಳೆದಿರುವುದು ಕಂಡಿತು. ಹಾಗೆ ಬೆಳೆಸಬೇಕೆಂದು ಯಾರೂ ವಿಧಿಸಿರಲಿಲ್ಲ. ಆ ಲೋಕದಲ್ಲಿ ಸ್ಥಳದ ಗುರುತು ಎರಡು ಅಂಕೆಗಳಿಂದ. ಎರಡೂ ಸಮವಾಗಿದ್ದರೆ, ಇಲ್ಲವೆ ಒಂದು ಸೊನ್ನೆಯಾಗಿದ್ದರೆ ವಿಳಾಸ ನೆನಪಿನಲ್ಲಿ ನಿಲ್ಲುವುದು ಸುಲಭ. ಆದ್ದರಿಂದ ಜನ ಆ ಗೆರೆಗಳಗುಂಟ ಮನೆ ಕಟ್ಟಿದರು. ನಮ್ಮ ಹಳೆಯ ಊರುಗಳು ಹೊಳೆಯ ದಂಡೆಗೆ ಅಂಟಿಕೊಂಡು ಬೆಳೆದವು. ಈ ಊರು ನೆನಪಿಗೆ ಅಂಟಿಕೊಂಡು ಬೆಳೆಯಿತು.

ಇಂದಿನ ಹುಡುಗರು ಬಲ್ಲ ಲೋಕ 'ಮೈನ್‌ಕ್ರಾಫ್ಟ್'. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಇದನ್ನು ಮೊದಲು ಹೊರತಂದನು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು 250 ಕೋಟಿ ಡಾಲರಿಗೆ ಅದರ ಒಡೆತನವನ್ನು ಕೊಂಡಿತು. ಒಂದು ಮೀಟರಿನ ಘನಚೌಕಗಳಿಂದಲೇ ಅಲ್ಲಿನ ಬೆಟ್ಟ, ಹಳ್ಳ, ಮರಗಳೆಲ್ಲ ಆಗಿವೆ. ಒಂದೊಂದು ಲೋಕಕ್ಕೂ ಒಂದು ಅಂಕೆ ಮೂಲ. ಅದನ್ನು 'ಬೀಜ' ಎನ್ನುತ್ತಾರೆ. ಆಡುವವನು ನಡೆದಂತೆ ನಡೆದಂತೆ ಆ ಬೀಜದಿಂದ ಮುಂದಿನ ನೆಲ ಹುಟ್ಟುತ್ತದೆ. ಒಟ್ಟು ಹರಹು ಉದ್ದಕ್ಕೂ ಅಗಲಕ್ಕೂ 6 ಕೋಟಿ ಚೌಕ. ಲೆಕ್ಕ ಹಾಕಿದರೆ ಭೂಮಿಯ ಮೇಲ್ಮೈಯ ಸುಮಾರು ಏಳು ಪಾಲು.

ಒಂದು ಬೇಸಗೆಯ ರಜೆಯಲ್ಲಿ ನಾನೂ ಕೆಲವು ಸಂಜೆಗಳನ್ನು ಅಲ್ಲಿ ಕಳೆದೆ. ಅಲ್ಲಿನ ಒಂದು ಹಗಲಿರುಳು ನಮ್ಮ ಇಪ್ಪತ್ತು ನಿಮಿಷ. ಕತ್ತಲಾದರೆ ಕ್ಷುದ್ರಜೀವಿಗಳ ಕಾಟ. ಮೊದಲ ರಾತ್ರಿ ಗುಡ್ಡವನ್ನು ಕೊರೆದು ಬಾಯಿ ಮುಚ್ಚಿಕೊಂಡು ಕುಳಿತೆ. ಆಮೇಲೆ ಹಳ್ಳದ ಬದಿಯಲ್ಲಿ ಒಂದು ಕೋಣೆ ಕಟ್ಟಿ, ದಿಬ್ಬದ ಮೇಲೆ ಗುರುತಿಗಾಗಿ ಒಂದು ಪಂಜು ನೆಟ್ಟೆ. ಮೂರನೆಯ ಸಂಜೆ ದೂರದಿಂದ ಆ ಬೆಳಕು ಕಂಡಾಗ, ಮನೆ ಹತ್ತಿರವಾಯಿತೆಂದು ಮನಸ್ಸು ಹಗುರಾಯಿತು. ಅಂಕೆಯಿಂದ ಹುಟ್ಟಿದ ಅಪಾರವಾದ ಬಯಲೆಲ್ಲ ಬರಿಯ ಬಯಲು. ನಾನು ಕೈಯಿಟ್ಟ ಅಷ್ಟು ಜಾಗ ಮಾತ್ರ ಊರು. ಸಂಚಾರಕ್ಕೂ ನಿರ್ಮಾಣಕ್ಕೂ ಇರುವ ನಂಟು ಇದೇ.

ಸಂಚಾರವನ್ನೇ ವ್ರತವಾಗಿ ಹಿಡಿದವರೂ ಇದ್ದಾರೆ. ಮೈನ್‌ಕ್ರಾಫ್ಟಿನ ಮೊದಲ ಆವೃತ್ತಿಗಳಲ್ಲಿ, ನಡುವಿನಿಂದ ಸುಮಾರು 1 ಕೋಟಿ 25 ಲಕ್ಷ ಚೌಕಗಳಾಚೆ ಗಣಿತವು ತಪ್ಪಿ, ನೆಲವು ತೂತುತೂತಾದ ಮಹಾಗೋಡೆಯಾಗಿ ಏಳುತ್ತಿತ್ತು. ಅಮೆರಿಕೆಯ ಕರ್ಟ್ ಮ್ಯಾಕ್ ಎಂಬಾತನು 2011ರ ಮಾರ್ಚಿಯಲ್ಲಿ ಆ ಗೋಡೆಯ ಕಡೆಗೆ ಕಾಲ್ನಡೆಯಲ್ಲಿ ಹೊರಟನು. ಅದೇ ವರ್ಷ ಆಟದ ಕರ್ತೃಗಳು ದೋಷವನ್ನು ತಿದ್ದಿದರು. ಈತನು ಹಳೆಯ ಆವೃತ್ತಿಯನ್ನು ಬಿಡದೆ ನಡೆದನು. ನಡೆಯುತ್ತ, ನೋಡುವವರಿಂದ ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ದತ್ತಿಸಂಸ್ಥೆಯೊಂದಕ್ಕೆ ಹಣ ಕೂಡಿಸಿದನು. ಲೋಕದ ಕೊನೆಯನ್ನು ಕಾಣಬೇಕೆಂಬ ಹಂಬಲಕ್ಕೆ ಲೋಕವು ನಿಜವಾಗಿರಬೇಕೆಂಬ ನಿಯಮವಿಲ್ಲ.

ನನ್ನ ವಿದ್ಯಾರ್ಥಿಯೊಬ್ಬನ ಹಂಬಲ ಬೇರೆ ಬಗೆಯದು. ಅವನು ಗೆಳೆಯರೊಡನೆ ಕಟ್ಟುತ್ತಿದ್ದ ಊರಿನಲ್ಲಿ ಒಂದು ತೊಟ್ಟಿಯ ಮನೆಯನ್ನು ತೋರಿಸಿ, "ಸರ್, ಇದು ನಮ್ಮ ಅಜ್ಜನ ಮನೆ, ಪಾಲಾಗಿ ಕೆಡವುವುದಕ್ಕೆ ಮುಂಚೆ ಹೇಗಿತ್ತೋ ಹಾಗೆ" ಎಂದನು. ಅವನಿಗೆ ಮನೆಯ ನೆನಪು ಅರೆಬರೆ. ಅಡಿಗೆಮನೆಯ ಬಾಗಿಲು ಯಾವ ದಿಕ್ಕಿಗಿತ್ತು, ಒರಳು ಎಲ್ಲಿತ್ತು ಎಂದು ತಾಯಿಗೆ ಫೋನು ಮಾಡಿ ಕೇಳಿದ್ದನು. ಆ ಲೋಕದಲ್ಲಿ ಒರಳು ಸಿಗದ ಕಾರಣ ಒಂದು ಕಡಾಯಿ ಇಟ್ಟಿದ್ದನು. ಹುಡುಗರು ಕಾಲಹರಣ ಮಾಡುತ್ತಾರೆಂದು ನಾವು ಹೇಳುವ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ಮನೆಗಾಗಿ ತಾಯಿ ಮಗ ಆಡಿದ ಮಾತುಗಳನ್ನು ಕಾಲಹರಣದ ಲೆಕ್ಕಕ್ಕೆ ಬರೆಯಲು ನನ್ನ ಮನಸ್ಸು ಒಪ್ಪದು.

ಆ ಮನೆ ನಿಂತಿದ್ದುದು ಬಾಡಿಗೆಯ ಯಂತ್ರದಲ್ಲಿ. ತಿಂಗಳ ಬಾಡಿಗೆ ನಿಂತರೆ ಮನೆಯ ಗತಿಯೇನೆಂದು ಕೇಳಿದೆ. "ಒಂದು ಪ್ರತಿ ತೆಗೆದಿಟ್ಟಿದ್ದೇನೆ ಸರ್" ಎಂದನು. ಎಲ್ಲ ಲೋಕಗಳಲ್ಲಿಯೂ ಈ ಸೌಲಭ್ಯವಿಲ್ಲ. ಇಲ್ಲಿಗೆ ನಮ್ಮ ಎರಡನೆಯ ಪ್ರಶ್ನೆ ಬಂದಿತು.

2003ರಲ್ಲಿ ತೆರೆದ 'ಸೆಕೆಂಡ್ ಲೈಫ್' ಲೋಕದಲ್ಲಿ ಮೊದಲು ಕಟ್ಟಿದ ವಸ್ತುವಿಗೆಲ್ಲ ತೆರಿಗೆಯಿತ್ತು. ಹೆಚ್ಚು ಕಟ್ಟಿದವನಿಗೆ ಹೆಚ್ಚು ಹೊರೆ. ಕಟ್ಟುವವರು ಅಮೆರಿಕೆಯ ಸ್ವಾತಂತ್ರ್ಯಸಂಗ್ರಾಮವನ್ನು ನೆನಪಿಗೆ ತಂದು, ಚಹದ ಪೆಟ್ಟಿಗೆಗಳನ್ನು ರಾಶಿ ಹಾಕಿ ಪ್ರತಿಭಟಿಸಿದರು. ಅದೇ ವರ್ಷದ ಕೊನೆಗೆ ಲಿಂಡೆನ್ ಲ್ಯಾಬ್ ಸಂಸ್ಥೆಯು ಆ ತೆರಿಗೆಯನ್ನು ಕೈಬಿಡುವ ದಾರಿ ಹಿಡಿಯಿತು. ಅಷ್ಟೇ ಅಲ್ಲ, ನಿವಾಸಿಗಳು ರಚಿಸಿದ್ದರ ಬೌದ್ಧಿಕ ಹಕ್ಕು ಅವರದೇ ಎಂದು ಒಪ್ಪಿತು. ದೊಡ್ಡ ಗೆಲವು, ಸರಿಯೆ. ಆದರೆ ರಚನೆಯ ಹಕ್ಕು ಬೇರೆ, ಅದು ನಿಂತ ನೆಲದ ಹಕ್ಕು ಬೇರೆ. 2006ರಲ್ಲಿ ಅಮೆರಿಕೆಯ ವಕೀಲನೊಬ್ಬನು, ಅಲ್ಲಿ ತಾನು ಕೊಂಡ ನೆಲವನ್ನು ಸಂಸ್ಥೆಯು ಕಸಿದುಕೊಂಡಿತೆಂದು ದಾವೆ ಹೂಡಿದನು. ಅವನು ನೆಲವನ್ನು ಕೊಂಡ ರೀತಿ ಸರಿಯಲ್ಲವೆಂದು ಸಂಸ್ಥೆಯ ವಾದ. ಪಂಚಾಯ್ತಿಗೇ ಹೋಗಬೇಕೆಂಬ ಕರಾರಿನ ಷರತ್ತನ್ನು 2007ರಲ್ಲಿ ನ್ಯಾಯಾಲಯವು ಅನ್ಯಾಯದ್ದೆಂದು ತಳ್ಳಿಹಾಕಿತು. ಮುಂದೆ ಉಭಯರೂ ರಾಜಿಯಾದರು. ನೆಲ ಯಾರದೆಂಬ ಮೂಲಪ್ರಶ್ನೆ ತೀರ್ಪು ಕಾಣದೆ ಉಳಿಯಿತು.

ನೆಲವೇ ಹೋದಾಗ ಜನರಿಗೆ ಏನಾಗುತ್ತದೆಂಬುದಕ್ಕೆ 'ಉರು' ಲೋಕವೇ ನಿದರ್ಶನ. ಕನ್ನಡದ ಕಿವಿಗೆ ಊರೆಂದೇ ಕೇಳುವ ಈ ಹೆಸರು ಕೇವಲ ಕಾಕತಾಳೀಯ. ಬಹುಜನರ ಆಟವಾಗಿ ಪೂರ್ತಿ ತೆರೆಯುವ ಮೊದಲೇ, 2004ರ ಫೆಬ್ರವರಿಯಲ್ಲಿ, ಅದನ್ನು ಮುಚ್ಚಿಬಿಟ್ಟರು. ಕೊನೆಯ ರಾತ್ರಿ ನಿವಾಸಿಗಳು ತಮ್ಮ ಕೇರಿಗಳಲ್ಲಿ ಕೂಡಿ, ಯಂತ್ರ ನಿಲ್ಲುವವರೆಗೂ ಜೊತೆಗಿದ್ದರು. ಆಮೇಲೆ ಅವರು ಗುಂಪುಗುಂಪಾಗಿ 'ದೇರ್', 'ಸೆಕೆಂಡ್ ಲೈಫ್' ಮೊದಲಾದ ಬೇರೆ ಲೋಕಗಳಿಗೆ ವಲಸೆ ಹೋದರು. ಅಲ್ಲಿ ತಮ್ಮ ಊರಿನ ಕಾರಂಜಿ, ಕಟ್ಟಡ, ಉಡುಪುಗಳನ್ನು ನೆನಪಿನಿಂದ ಮತ್ತೆ ರಚಿಸಿದರು. ತಮ್ಮನ್ನು ನಿರಾಶ್ರಿತರೆಂದು ಕರೆದುಕೊಂಡರು. ಸೀಲಿಯಾ ಪಿಯರ್ಸ್ ಎಂಬ ವಿದುಷಿಯು ಇವರ ನಡುವೆ ಇದ್ದು ಅಧ್ಯಯನ ಮಾಡಿ 2009ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದಾಳೆ. ಸ್ಥಾವರ, ಜಂಗಮಗಳೆಂಬ ವಚನಕಾರರ ಎರಡು ಮಾತುಗಳು ನನಗೆ ಇಲ್ಲಿ ನೆನಪಾಗುತ್ತವೆ. ಕಟ್ಟಿದ್ದು ಅಳಿಯಿತು, ಕಟ್ಟಿದವರು ನಡೆದುಹೋಗಿ ಮತ್ತೊಂದೆಡೆ ಕಟ್ಟಿದರು.

ಹಾಗೆಂದು ಸ್ಥಾವರವನ್ನು ಕಡೆಗಣಿಸಬಾರದು. ಕಟ್ಟಿದ್ದನ್ನು ಕಾಯುವುದೂ ಸಾಧ್ಯ. 1988ರಲ್ಲಿ ಮುಚ್ಚಿದ ಹ್ಯಾಬಿಟಾಟ್ ಪಟ್ಟಣವನ್ನು ಕ್ಯಾಲಿಫೋರ್ನಿಯದ ಓಕ್‌ಲೆಂಡಿನ ಒಂದು ವಸ್ತುಸಂಗ್ರಹಾಲಯದವರು ಅದರ ಮೂಲಬರೆಹವನ್ನು ಸಂಪಾದಿಸಿ 2017ರಲ್ಲಿ ಮತ್ತೆ ನಡೆಸಿ ತೋರಿಸಿದರು. ತಾಳೆಯೋಲೆಯಿಂದ ಕಾವ್ಯವನ್ನು ಉಳಿಸಿದ ನಾಡಿನವರಿಗೆ ಈ ಕೆಲಸದ ಬೆಲೆ ತಿಳಿಯದ್ದಲ್ಲ. 2020ರ ಮಾರ್ಚಿಯಲ್ಲಿ, ಪತ್ರಕರ್ತರ ಸ್ವಾತಂತ್ರ್ಯಕ್ಕಾಗಿ ದುಡಿಯುವ 'ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆಯು ಮೈನ್‌ಕ್ರಾಫ್ಟಿನೊಳಗೆ ಒಂದು ಮಹಾಗ್ರಂಥಾಲಯವನ್ನು ಕಟ್ಟಿಸಿತು. ಹದಿನಾರು ದೇಶಗಳ ಇಪ್ಪತ್ನಾಲ್ಕು ಮಂದಿ 1 ಕೋಟಿ 25 ಲಕ್ಷ ಚೌಕಗಳನ್ನು ಜೋಡಿಸಿದರು. ರಷ್ಯಾ, ಈಜಿಪ್ಟ್, ವಿಯೆಟ್ನಾಂ, ಮೆಕ್ಸಿಕೊ, ಸೌದಿ ಅರೇಬಿಯಗಳಲ್ಲಿ ಬಾಯಿ ಕಟ್ಟಿಸಿಕೊಂಡ ಪತ್ರಕರ್ತರ ಬರೆಹಗಳನ್ನು ಆಟದ ಪುಸ್ತಕಗಳಲ್ಲಿ ತುಂಬಿ ಅಲ್ಲಿಟ್ಟರು. 2018ರಲ್ಲಿ ಕೊಲೆಯಾದ ಜಮಾಲ್ ಖಶೋಗ್ಗಿಯ ಲೇಖನಗಳೂ ಅಲ್ಲಿವೆ. ಪತ್ರಿಕೆಯನ್ನು ತಡೆಯುವ ಸರ್ಕಾರಕ್ಕೆ ಮಕ್ಕಳ ಆಟ ಲಕ್ಷ್ಯವಾಗಿರಲಿಲ್ಲ. ಮೇಲಾಗಿ, ಆ ಗ್ರಂಥಾಲಯದ ಪ್ರತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಂದನ್ನು ಅಳಿಸಿದರೂ ಇನ್ನೊಂದು ಇದ್ದೇ ಇರುತ್ತದೆ.

ಆದ್ದರಿಂದ ಉಪಾಧ್ಯಾಯರಲ್ಲಿ ನನ್ನ ಅರಿಕೆ ಇಷ್ಟೆ. ಹುಡುಗನೊಬ್ಬನು ತಾನು ಒಂದು ಊರು ಕಟ್ಟಿದೆನೆಂದು ಹೇಳಿದರೆ ನಗಬಾರದು. ಅದರ ದಾರಿ ಯಾವುದು, ಯಾರು ಜೊತೆಗಿದ್ದರು, ಜಗಳವಾದರೆ ಹೇಗೆ ತೀರಿಸಿದಿರಿ ಎಂದು ಕೇಳಬೇಕು. ಆ ಉತ್ತರಗಳಲ್ಲಿ ಪೌರನೀತಿಯ ಒಂದು ಪಾಠವೇ ಇರುತ್ತದೆ. ಕೊನೆಯದಾಗಿ, ಅದು ನಿಂತಿರುವ ನೆಲ ಯಾರದು, ಪ್ರತಿ ಯಾರ ಕೈಯಲ್ಲಿದೆ ಎಂದೂ ಕೇಳಬೇಕು. ಕರಾರನ್ನು ಓದದೆ ಒಪ್ಪಿಗೆಯ ಗುಂಡಿಯನ್ನೊತ್ತುವ ತಲೆಮಾರಿಗೆ, ಮನೆ ಕಟ್ಟುವ ಮೊದಲು ನೆಲದ ಪತ್ರ ಓದುವುದನ್ನು ಕಲಿಸುವ ಹೊಣೆ ಭಾಷೆಯನ್ನು ಕಲಿಸುವವರ ಮೇಲೆಯೂ ಇದೆ.